ಅಚಲದ ಹದಿನೆಂಟನೆಯ ಆವೃತ್ತಿ

ಮುಲುಂಡ್ ಪೂರ್ವದ ಶಶಿಕಾಂತ ಹಲಗತ್ತಿಗೆ ಇದ್ದ ದೊಡ್ಡ ಕೊರಗೆಂದರೆ, ತನ್ನ ಮಹಾಕಾರ್ಯವನ್ನು ಮನೆಯಲ್ಲಿ ಯಾರೂ ಹೊಗಳುವುದಿಲ್ಲ ಎಂಬುದು. ಹೋಗಲಿ, ಬೈದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಬೈಯುವವರೂ ಇರಲಿಲ್ಲ. ಎಂಟು ತಿಂಗಳಿನಿಂದ ಅವನು ತನ್ನದೇ ಸ್ವಂತ ಲಿನಕ್ಸ್ ಕಟ್ಟುತ್ತಿದ್ದ. ಹೆಂಡತಿ ನೇತ್ರಾ, ತಾಯಿ ಕಾಶವ್ವ ಇಬ್ಬರೂ ಆ ಕಡೆ ತಲೆಯೆತ್ತಿ ಸಹ ನೋಡದೆ ಹಾಯಾಗಿದ್ದರು.

ಕಂಪ್ಯೂಟರೆಂದರೆ ಬರೀ ಡಬ್ಬಿ. ಅದು ಎದ್ದು ಕೂತು ಕೆಲಸ ಮಾಡಬೇಕಾದರೆ ಒಳಗೆ ಒಂದು ಮೂಲ ತಂತ್ರಾಂಶ ಬೇಕು. ಬಹುಪಾಲು ಜನ ಅಂಗಡಿಯವನು ಹಾಕಿಕೊಟ್ಟದ್ದನ್ನೇ ಪ್ರಸಾದವೆಂದು ಸ್ವೀಕರಿಸುತ್ತಾರೆ. ಲಿನಕ್ಸ್ ಹಾಗಲ್ಲ. ಸಾಮಾನೆಲ್ಲ ಪುಕ್ಕಟೆ ಸಿಗುತ್ತದೆ, ಬೇಕಾದವರು ಬೇಕಾದಂತೆ ಜೋಡಿಸಿಕೊಳ್ಳಬಹುದು. (ಬೇಡವಾದವರು ಸುಮ್ಮನೆಯೂ ಇರಬಹುದು. ಆದರೆ ಈ ಎರಡನೆಯ ಸೌಲಭ್ಯವನ್ನು ಶಶಿಕಾಂತನಂಥವರು ಬಳಸುವುದಿಲ್ಲ.) ಪವಾಯಿಯ ಆಫೀಸಿನಲ್ಲಿ ಇಡೀ ದಿನ ಇನ್ನೂರು ಜನ ಕೆಡಿಸಿದ ಕಂಪ್ಯೂಟರುಗಳನ್ನು ರಿಪೇರಿ ಮಾಡಿ, ಕಾಂಜೂರ್‌ಮಾರ್ಗಿನಿಂದ ಲೋಕಲ್‌ನಲ್ಲಿ ನೇತಾಡುತ್ತ ಬರುವಾಗ ಅವನಿಗೆ ಜ್ಞಾನೋದಯವಾಗಿತ್ತು: ಯಾರೂ ಕೆಡಿಸಲಾಗದ, ಯಾರೂ ಬದಲಾಯಿಸಲಾಗದ ವ್ಯವಸ್ಥೆಯೊಂದನ್ನು ತಾನೇ ಕಟ್ಟಬೇಕು. ಅದಕ್ಕೆ ಘಾಟ್ಕೋಪರಿನ ಹುಡುಗಿಯೊಬ್ಬಳ ಬ್ಯಾಗು ಮೂಗಿಗೆ ಬಡಿದ ಕ್ಷಣದಲ್ಲೇ ಹೆಸರೂ ಹೊಳೆಯಿತು. ಅಚಲ!

ಅಚಲದ ತತ್ವ ಮುಂಬಯಿಯವರಿಗೆ ಬೇಗ ಅರ್ಥವಾಗುತ್ತದೆ. ಅಚಲದೊಳಗೆ ಗೋಡೆಗೆ ಒಂದು ಮೊಳೆ ಹೊಡೆಯುವಂತಿಲ್ಲ. ಏನಾದರೂ ಬದಲಾವಣೆ ಬೇಕೆಂದರೆ ಪಕ್ಕದಲ್ಲಿ ಇಡೀ ಹೊಸ ಕಟ್ಟಡವನ್ನೇ ಎಬ್ಬಿಸಬೇಕು, ಮುಂದಿನ ಸಲ ಕಂಪ್ಯೂಟರು ಶುರುವಾಗುವಾಗ ಸಾಮಾನು ಸಮೇತ ಅಲ್ಲಿಗೆ ಹೋಗಬೇಕು. ಹೊಸದು ಸರಿಬೀಳದಿದ್ದರೆ ಹಳೆಯದು ಹಾಗೇ ನಿಂತಿರುತ್ತದೆ, ಮರಳಿ ಬರಬಹುದು. ಇದಕ್ಕಾಗಿ ಶಶಿಕಾಂತ ಎರಡು ಕಾನೂನು ಬರೆದಿದ್ದ. ಒಂದು ಹೊತ್ತಿಗೆ ಎರಡೇ ಕಟ್ಟಡ ಇರತಕ್ಕದ್ದು, ಮೂರನೆಯದು ಏಳುವಾಗ ಖಾಲಿ ಇರುವುದನ್ನು ಕೆಡವತಕ್ಕದ್ದು. ಮತ್ತು ಜನ ವಾಸವಿರುವ ಕಟ್ಟಡವನ್ನು ಯಾವ ಕಾರಣಕ್ಕೂ ಕೆಡವತಕ್ಕದ್ದಲ್ಲ. ಮುಂಬಯಿಯ ಬಿಲ್ಡರುಗಳು ಕೇಳಿದ್ದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಹೀಗಾಗಿ ಮನೆಯ ಕಂಪ್ಯೂಟರು ಶುರುವಾಗುವಾಗ ಪರದೆಯ ಮೇಲೆ ಹತ್ತು ಸೆಕೆಂಡು ಎರಡು ಸಾಲು ಕಾಣುತ್ತಿದ್ದವು. ಮೇಲಿನದು ಹೊಸ ಆವೃತ್ತಿ, ಕೆಳಗಿನದು ಹಳೆಯದು. ಏನೂ ಒತ್ತದಿದ್ದರೆ ತಾನಾಗಿಯೇ ಹೊಸದು ಬರುತ್ತಿತ್ತು.

ಮೊದಲನೆಯ ಆವೃತ್ತಿಯನ್ನು ಅವನು ಗಣಪತಿ ಹಬ್ಬದ ರಜೆಯಲ್ಲಿ, ಮೂರೇ ದಿನದಲ್ಲಿ ಅವಸರವಸರವಾಗಿ ಜೋಡಿಸಿದ್ದ. ಅವ್ವನಿಗೆ ಕಾಣಲೆಂದು ದಪ್ಪ ಕನ್ನಡ ಅಕ್ಷರ, ಹೆಂಡತಿಯ ಕಸೂತಿ ನಮೂನೆಗಳನ್ನು ತೆಗೆಯಲು ಪ್ರಿಂಟಿನ ವ್ಯವಸ್ಥೆ, ಇಷ್ಟೇ. ಆಮೇಲೆ ಅವನಿಗೆ ಅದು ತೀರಾ ಬಾಲಿಶವೆನ್ನಿಸಿತು. ಎರಡು ವಾರಕ್ಕೊಂದರಂತೆ ಸುಧಾರಣೆಗಳು ಹೊರಟವು. ಅನಾವಶ್ಯಕವಾದದ್ದನ್ನೆಲ್ಲ ಕಿತ್ತುಹಾಕಿ ಅಚಲವನ್ನು ಹಗುರಗೊಳಿಸುವುದೇ ಜೀವನದ ಧ್ಯೇಯವಾಯಿತು. ಅಕ್ಷರಗಳು ಕಿರಿದಾದವು, ಬಣ್ಣಗಳು ಹೋದವು, ಗಡಿಯಾರ ಹೋಯಿತು. (ಗೋಡೆಯ ಮೇಲೆ ಇದೆಯಲ್ಲ!) ಪ್ರತಿ ಬಿಡುಗಡೆಯ ಭಾನುವಾರ, ಉಪ್ಪಿಟ್ಟು ಮುಗಿದ ಮೇಲೆ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅವನೊಂದು ಪ್ರಕಟಣೆ ಹೊರಡಿಸುತ್ತಿದ್ದ: 'ಮಹಾಜನರ ಅವಗಾಹನೆಗೆ ತರುವುದೇನೆಂದರೆ, ಅಚಲದ ಹನ್ನೊಂದನೆಯ ಆವೃತ್ತಿಯು ಇಂದು ಲೋಕಾರ್ಪಣೆಗೊಂಡಿದ್ದು...' ನೇತ್ರಾ ಅದಕ್ಕೆ ಕೈ ಮುಗಿದ ಚಿತ್ರ ಹಾಕುತ್ತಿದ್ದಳು.

ಇನ್ನೊಂದು ಮಾತು. ಕಟ್ಟಿದವನು ಬಳಸುವವರ ಯಂತ್ರವನ್ನು ಮುಟ್ಟಬಾರದೆಂಬ ವ್ರತ ಹಿಡಿದಿದ್ದ ಶಶಿಕಾಂತ, ಮನೆಯ ಕಂಪ್ಯೂಟರಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ತನ್ನ ಲ್ಯಾಪ್‌ಟಾಪಿನಲ್ಲೇ ಕೂತು ಕಟ್ಟುತ್ತಿದ್ದ, ಅದು ತಾನಾಗಿ ಹೋಗಿ ಅಲ್ಲಿ ಸೇರುತ್ತಿತ್ತು. ಹದಿನೆಂಟು ಆವೃತ್ತಿಗಳಾದರೂ ಮನೆಯವರಿಂದ ಒಂದು ಚಕಾರವಿಲ್ಲ. ಇದು ಅಚಲದ ಪರಿಪೂರ್ಣತೆಗೆ ಸಾಕ್ಷಿ ಎಂದು ಅವನು ಒಳಗೊಳಗೇ ಬೀಗಿದ್ದ. ಈಗ ಅವನಿಗೆ ಉಳಿದಿದ್ದುದು ಒಂದೇ ಆಸೆ. ಮನೆಯ ಹೊರಗಿನ ಒಂದು ನರಪಿಳ್ಳೆಯಾದರೂ ಅಚಲವನ್ನು ಬಳಸಬೇಕು.

ಹೀಗಿರುವಾಗ ಒಂದು ಗುರುವಾರ ಕಾಶವ್ವ ಡೊಂಬಿವಲಿಯಲ್ಲಿದ್ದ ಮಗಳು ಮಲ್ಲಕ್ಕನ ಮನೆಗೆ ನಾಲ್ಕು ದಿನಕ್ಕೆಂದು ಹೋದಳು. ಶನಿವಾರ ಲಿಫ್ಟ್ ರಿಪೇರಿ ಎಂದು ಸೊಸೈಟಿಯವರು ಇಡೀ ಕಟ್ಟಡದ ಕರೆಂಟು ತೆಗೆದರು, ಗುರುವಾರದಿಂದ ಚಾಲೂ ಇದ್ದ ಕಂಪ್ಯೂಟರೂ ಬಂದಾಯಿತು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನೇತ್ರಾ ತಾನೇ ಕಂಪ್ಯೂಟರ್ ಚಾಲೂ ಮಾಡಿದಳು.

"ರೀ, ಪ್ರಿಂಟರ್ ಎಲ್ಲಿ ಹೋತು?"

"ಟೇಬಲ್ ಮ್ಯಾಲೇ ಐತೆಲ್ಲ," ಎಂದ ಶಶಿಕಾಂತ ಚಹದ ಕಪ್ಪಿನ ಹಿಂದಿನಿಂದ.

"ಟೇಬಲ್ ಮ್ಯಾಲಿಂದು ಐತಿ. ಕಂಪ್ಯೂಟರ್ ಒಳಗಿಂದು ಇಲ್ಲ. ಮೊನ್ನೆ ಶುಕ್ರವಾರ ತೊಟ್ಟಿಲ ಡಿಸೈನ್ ತಗದೀನಿ, ಇವತ್ತ ಇಲ್ಲ ಅಂದ್ರ ಹೆಂಗ?"

ಶಶಿಕಾಂತ ಕರುಣೆಯಿಂದ ನಕ್ಕ. "ಶುಕ್ರವಾರ ತಗದಿರಾಕ ಸಾಧ್ಯನ ಇಲ್ಲ. ಪ್ರಿಂಟ್ ಮಾಡೂ ವ್ಯವಸ್ಥಾ ಐದನೇ ಆವೃತ್ತಿಯೊಳಗ ತಗದು ಹಾಕೀನಿ. ದೀಪಾವಳಿಯಿಂದ ಈಚೆ ಈ ಮನಿಯೊಳಗ ಒಂದು ಹಾಳಿ ಪ್ರಿಂಟ್ ಆಗಿಲ್ಲ."

ನೇತ್ರಾ ಎದ್ದು ಹೋಗಿ ಕಪಾಟಿನಿಂದ ಒಂದು ಫೈಲು ತಂದು ಅವನ ಮುಂದೆ ಸುರುವಿದಳು. ಗೋಪುರ, ತೊಟ್ಟಿಲು, ನವಿಲು, ಅಂಬಾರಿ ಹೊತ್ತ ಆನೆ, ಎಲ್ಲವೂ ಚೌಕುಳಿಗಳ ಮೇಲೆ ಕಪ್ಪಗೆ ಮುದ್ದಾಗಿ ಮೂಡಿದ್ದವು.

"ಇವೇನು ಮುಗಿಲಿಂದ ಉದುರಿದವೇನು?"

"ಹಳೇವು ಇರಬೇಕು."

"ಈ ತೊಟ್ಟಿಲ ಕೆಳಗ ತಾರೀಖು ಐತಿ. ಓದ್ರಿ."

ಶಶಿಕಾಂತ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಮೊನ್ನೆಯದೇ ತಾರೀಖು. ಒಂದು ಕಡೆ ಕಣ್ಣೆದುರು ಕಾಗದ, ಇನ್ನೊಂದು ಕಡೆ ತರ್ಕ. ಅವನು ತರ್ಕದ ಪಕ್ಷ ವಹಿಸಿದ. "ತಾರೀಖು ತಪ್ಪಿರಬೇಕು," ಎಂದ.

"ತಗದು ಹಾಕೂಮುಂದ ನನ್ನ ಒಂದು ಮಾತು ಕೇಳಬಾರದಿತ್ತೇನು?"

"ಗ್ರೂಪಿನ್ಯಾಗ ಬರದಿದ್ನೆಲ್ಲ! ನೀ ಕೈ ಮುಗದಿದ್ದಿ!"

"ಓದಿದ್ರ ಕೈ ಮುಗೀತಿದ್ನೇನು?"

ಇಷ್ಟರಲ್ಲಿ ಜುಬೇದಾ ಬಂದಳು. ಮೂಲ ವಿಜಯಪುರದವಳು, ಮುಲುಂಡಿನಲ್ಲೇ ಬ್ಲೌಸು ಹೊಲಿಯುತ್ತಿದ್ದವಳು. ನೇತ್ರಾ ಪ್ರತಿ ಭಾನುವಾರ ವಿಲೆ ಪಾರ್ಲೆಯ ಮಹಿಳಾ ಮಂಡಳದಲ್ಲಿ ನಡೆಸುವ ಕಸೂತಿ ಕ್ಲಾಸಿಗೆ ಅವಳು ತಪ್ಪದೆ ಹೋಗುತ್ತಿದ್ದಳು. ಇಬ್ಬರೂ ಕೂಡಿ ಘಾಟ್ಕೋಪರಿಗೆ ಹೋಗಿ ಮೆಟ್ರೊ ಹಿಡಿಯುವುದು ರೂಢಿ. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಒಂದು ಎಳೆ ತಪ್ಪಿದರೆ ಆನೆಗೆ ಐದನೆಯ ಕಾಲು ಮೂಡುತ್ತದೆ. ಆದ್ದರಿಂದ ಕ್ಲಾಸಿನ ಇಪ್ಪತ್ತೆರಡು ಹೆಂಗಸರಿಗೂ ಚೌಕುಳಿ ಹಾಳೆ ಬೇಕೇಬೇಕು. ಅವತ್ತು ಅಂಬಾರಿಯ ಪಾಠ. ಝೆರಾಕ್ಸ್ ಅಂಗಡಿಗಳು ಭಾನುವಾರ ಹತ್ತಕ್ಕೆ ಮೊದಲು ಕಣ್ಣು ಬಿಡುವುದಿಲ್ಲ.

ನೇತ್ರಾ ಸೆರಗು ಸಿಕ್ಕಿಸಿಕೊಂಡಳು. "ಎಂಟೂವರಿಗೆ ನಾವು ಮನಿ ಬಿಡಬೇಕು. ಅಷ್ಟರಾಗ ಇಪ್ಪತ್ತೆರಡು ಹಾಳಿ ಬರಲಿಲ್ಲಂದ್ರ, ನಾಳೆ ಸ್ಟೇಷನ್ ರೋಡಿನ ರಿಪೇರಿಯವನ್ನ ಕರಸಿ ನಿಮ್ಮ ಅಚಲನ್ನ ಬುಡಸಹಿತ ಒರಸಿ ಒಗಸ್ತೀನಿ. ಎಲ್ಲಾರ ಮನ್ಯಾಗ ಇರೂದು ನಮ್ಮನ್ಯಾಗೂ ಇರ್ಲಿ."

ಶಶಿಕಾಂತ ಚಹದ ಕಪ್ಪು ಕೆಳಗಿಟ್ಟ. ಅಚಲ ನೆಲೆಸಿದ್ದುದು ಈ ಭೂಮಂಡಲದಲ್ಲಿ ಎರಡೇ ಕಡೆ. ಒಂದು ಅವನ ಲ್ಯಾಪ್‌ಟಾಪು, ಇನ್ನೊಂದು ಈ ಕಂಪ್ಯೂಟರು. ಇದೂ ಹೋದರೆ ಹದಿನೆಂಟು ಆವೃತ್ತಿಗಳ ಸಾಮ್ರಾಜ್ಯಕ್ಕೆ ರಾಜನೂ ಅವನೇ, ಪ್ರಜೆಯೂ ಅವನೇ.

"ಭಾಯಿ, ಪ್ರಿಂಟರಿಂದು ಅದೇನೋ ಹಾಕ್ತಾರಲ್ಲ, ಅದನ್ನ ಹಾಕಿಬಿಡ್ರಿ," ಎಂದಳು ಜುಬೇದಾ ಸಮಾಧಾನಪಡಿಸುವ ದನಿಯಲ್ಲಿ. "ನಮ್ಮನಿಯವ್ರು ಎರಡು ಮಿನಿಟಿನಾಗ ಹಾಕ್ತಾರ."

"ಹಾಕಾಕ ಬರೂದಿಲ್ಲ."

"ನಿಮಗ ಬರೂದಿಲ್ಲ?"

"ನನಗ ಬರತೈತಿ. ಅಚಲದಾಗ ಬರೂದಿಲ್ಲ. ಅದನ್ನ ಯಾರೂ ಬದಲಾಯಿಸಾಕ ಬರೂದಿಲ್ಲ."

"ಮಾಡಿದವ್ರಿಗೂ?"

"ಮಾಡಿದವರಿಗೂ!" ಎಂದ ಶಶಿಕಾಂತ. ಅಂಥ ಸಂಕಟದಲ್ಲೂ ಅವನ ದನಿಯಲ್ಲಿ ಹೆಮ್ಮೆ ಇಣುಕಿತು. ಬಾಗಿಲಿಡದೆ ಮನೆ ಕಟ್ಟಿದವನನ್ನು ನೋಡುವ ಹಾಗೆ ಜುಬೇದಾ ಅವನನ್ನು ನೋಡಿದಳು.

"ಹಳೇದಕ್ಕ ವಾಪಸ್ ಹೋಗಾಕ ಬರತೈತಿ, ಅದ ಇದರ ವಿಶೇಷ ಅಂತ ದಿನಾ ಭಾಷಣಾ ಮಾಡ್ತಿದ್ರೆಲ್ಲ?" ಎಂದಳು ನೇತ್ರಾ.

"ಹಳೇದು ಅಂದ್ರ ಹದಿನೇಳನೇದು. ಪ್ರಿಂಟ್ ತಗದದ್ದು ಐದನೇದರಾಗ. ಅಂದಮ್ಯಾಲ ಹದಿನೇಳರಾಗೂ ಇಲ್ಲ. ಲೆಕ್ಕಾ ಸೀದಾ ಐತಿ. ಹೋಗಿ ನೋಡೂದ ಬ್ಯಾಡ."

ಉಳಿದದ್ದು ಒಂದೇ ದಾರಿ. ಪ್ರಿಂಟಿನ ವ್ಯವಸ್ಥೆ ಸೇರಿಸಿ ಹತ್ತೊಂಬತ್ತನೆಯ ಆವೃತ್ತಿಯನ್ನು ಅಡಿಪಾಯದಿಂದ ಎಬ್ಬಿಸಬೇಕು. ಲ್ಯಾಪ್‌ಟಾಪಿನಲ್ಲಿ ಅವನ ಬೆರಳುಗಳು ಕುಣಿದವು. ಫ್ಯಾನು ಗಿರಣಿಯಂತೆ ಭೋರಿಡತೊಡಗಿತು. ಪರದೆಯ ಮೇಲೆ ಶೇಕಡಾ ಹತ್ತು ಅಂದಿತು, ಹನ್ನೊಂದು ಅಂದಿತು, ಆಮೇಲೆ ಬಹಳ ಹೊತ್ತು ಹನ್ನೊಂದೇ ಅಂದಿತು. ಎಂಟು ಗಂಟೆಗೆ ಶೇಕಡಾ ಮೂವತ್ತೇಳಕ್ಕೆ ಬಂದು, ಯಾವುದೋ ಒಂದು ತುಣುಕು ಸಿಗಲಿಲ್ಲವೆಂದು ಕೆಂಪಕ್ಷರದಲ್ಲಿ ಹೇಳಿ ತಣ್ಣಗೆ ನಿಂತುಬಿಟ್ಟಿತು.

ಅವನು ತಲೆಯೆತ್ತಿ ನೋಡಿದ. ನೇತ್ರಾ ಮತ್ತು ಜುಬೇದಾ ನೆಲದ ಮೇಲೆ ಕೂತು, ಅಳತೆಪಟ್ಟಿ ಹಿಡಿದು ಹಾಳೆಗಳ ಮೇಲೆ ಕೈಯಿಂದಲೇ ಚೌಕುಳಿ ಎಳೆಯುತ್ತಿದ್ದರು. ಒಂದು ಆನೆ ಮುಗಿದಿತ್ತು, ಇನ್ನೊಂದು ಸೊಂಡಿಲಿನವರೆಗೆ ಬಂದಿತ್ತು. ನೇತ್ರಾ ಒಂದು ಮಾತೂ ಆಡುತ್ತಿರಲಿಲ್ಲ. ಬೈಯುವಾಗ ಅವಳನ್ನು ಎದುರಿಸಬಹುದಿತ್ತು. ಸುಮ್ಮನೆ ತುಟಿ ಬಿಗಿಹಿಡಿದು ಗೆರೆ ಎಳೆಯುವವಳನ್ನು ನೋಡಿ ಅವನಿಗೆ ನಿಜವಾಗಿ ನಾಚಿಕೆಯಾಯಿತು. ಹದಿನೆಂಟು ಸಲ ಕಟ್ಟಿದೆ, ಹೆಂಡತಿ ಇದರಲ್ಲಿ ಏನು ಮಾಡುತ್ತಾಳೆಂದು ಒಂದು ಸಲವೂ ಹಿಂದೆ ನಿಂತು ನೋಡಲಿಲ್ಲವಲ್ಲ ಎನ್ನಿಸಿತು. ಅವನು ಲ್ಯಾಪ್‌ಟಾಪು ಮುಚ್ಚಿದ.

"ನಾಳೆ ಯಾರನ್ನೂ ಕರಸಬ್ಯಾಡ. ನಾನ ಒರಸಿ ಹಾಕ್ತೀನಿ," ಎಂದ. "ಇಲ್ಲಿ ಕೊಡು ಒಂದು ಪೆನ್ಸಿಲ್."

ನೇತ್ರಾ ಅವನ ಮುಖ ನೋಡಿದಳು, ಏನೋ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಡೊಂಬಿವಲಿಯಿಂದ ಕಾಶವ್ವ. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲದ್ದರಿಂದ ಕೋಣೆಗೆಲ್ಲ ಕೇಳಿಸಿತು.

"ತುಳಸಿಗೆ ನೀರು ಹಾಕಿದ್ರೇನು?"

"ಹಾಕೀನ್ರಿ ಅತ್ತಿ. ಇಲ್ಲಿ ನಿಮ್ಮ ಮಗಾ ನನ್ನ ಪ್ರಿಂಟರ್ ತಗದು ಹಾಕ್ಯಾರ್ರಿ. ಕ್ಲಾಸಿಗೆ ಹೊತ್ತಾತು, ಒಂದು ಹಾಳಿ ಇಲ್ಲ."

"ಕಂಪ್ಯೂಟರ್ ಯಾರು ಚಾಲೂ ಮಾಡಿದ್ರು?"

"ನಾನರಿ."

"ಕೆಳಗಿಂದು ಒತ್ತಿದೇನು?"

"ಯಾವ ಕೆಳಗಿಂದರಿ?"

"ಚಾಲೂ ಆಗೂಮುಂದ ಎರಡು ಸಾಲ ಬರ್ತಾವಲ್ಲವಾ. ಮ್ಯಾಲಿಂದು ಶಶ್ಯಾಂದು. ಕೆಳಗಿಂದು ನಮ್ದು."

ಶಶಿಕಾಂತ ಫೋನು ಕಿತ್ತುಕೊಂಡ. "ಅವ್ವಾ, ಯಾವಾಗಿಂದ ಇದು?"

"ಗಣಪತಿ ಹಬ್ಬ ಆದ್ಮ್ಯಾಲಿಂದ. ನೀ ಒಂದಿನ ಏನೋ ಹೊಸಾದು ಹಾಕಿದಿ ನೋಡು, ಅಕ್ಷರೆಲ್ಲಾ ಇರಿವಿ ಹಂಗ ಸಣ್ಣು ಆದ್ವು. ಟೀವ್ಯಾಗ ಒಂದು ಚಾನಲ್ ಹಾಳಾತಂದ್ರ ಕೆಳಗಿಂದಕ್ಕ ಹೋಗ್ತೀವಲ್ಲ, ಹಂಗ ಒತ್ತಿದೆ. ಮದ್ಲಿಂದು ಬಂತು. ಅವತ್ತಿಂದ ದಿನಾ ಮುಂಜಾನಿ ಪ್ರವಚನ ಹಚ್ಚೂಮುಂದ ಅದನ್ನ ಒತ್ತಾಕತ್ತೀನಿ."

"ನನಗ ಒಂದು ಮಾತು ಹೇಳಬಾರದೇನು?"

"ಹೇಳಿದ್ರ ಅದನ್ನೂ ಸುಧಾರಸ್ತಿದ್ದಿ," ಎಂದಳು ಕಾಶವ್ವ.

ನೇತ್ರಾ ಕಂಪ್ಯೂಟರು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಎರಡು ಸಾಲು ಬಂದವು. ಕೆಳಗಿನದನ್ನು ಒತ್ತಿದಳು. ದಪ್ಪ ಕನ್ನಡ ಅಕ್ಷರಗಳು ಬಂದವು, ಗಡಿಯಾರ ಬಂತು, ಪ್ರಿಂಟರು ಗಂಟಲು ಸರಿಪಡಿಸಿಕೊಂಡು ಮೊದಲನೆಯ ಆನೆಯನ್ನು ಹೊರಕ್ಕೆ ನೂಕಿತು. ಪರದೆಯ ಮೂಲೆಯಲ್ಲಿ ಬರೆದಿತ್ತು: ಅಚಲ, ಆವೃತ್ತಿ ಒಂದು.

ಆಗಿದ್ದೇನೆಂದು ಶಶಿಕಾಂತನಿಗೆ ಈಗ ಹೊಳೆಯಿತು. ಜನ ವಾಸವಿರುವ ಕಟ್ಟಡ ಕೆಡವತಕ್ಕದ್ದಲ್ಲವೆಂದು ಕಾನೂನು ಬರೆದವನು ಅವನೇ. ಕಾಶವ್ವ ದಿನಾ ಬೆಳಿಗ್ಗೆ ಹೋಗಿ ಮೊದಲನೆಯದರಲ್ಲೇ ವಾಸಕ್ಕೆ ಕೂರುತ್ತಿದ್ದಳು, ಇಡೀ ಮನೆ ದಿನವಿಡೀ ಅಲ್ಲೇ ಇರುತ್ತಿತ್ತು. ಅಚಲವು ನಿಷ್ಠೆಯಿಂದ ಅದನ್ನು ಕಾಪಾಡಿಕೊಂಡು, ಅವನು ಎರಡು ವಾರಕ್ಕೊಮ್ಮೆ ಬೆವರು ಸುರಿಸಿ ಎಬ್ಬಿಸಿದ ಹೊಸ ಕಟ್ಟಡಗಳನ್ನು ಒಂದಾದ ಮೇಲೊಂದು ಕೆಡವುತ್ತ ಬಂದಿತ್ತು. ಹದಿನಾರು ಆವೃತ್ತಿಗಳು! ಗೃಹಪ್ರವೇಶವಿರಲಿ, ಅವ್ವ ಒಂದೇ ಒಂದು ಸಲ ನೋಡಿ ಓಡಿಬಂದದ್ದು ಬಿಟ್ಟರೆ ಒಳಗೆ ಒಬ್ಬರು ಇಣುಕಿ ನೋಡಿರಲಿಲ್ಲ. ಅವನು ಕುರ್ಚಿಯಲ್ಲಿ ಕುಸಿದ.

ಪ್ರಿಂಟರಿನಿಂದ ಆನೆಗಳು ಸಾಲುಸಾಲಾಗಿ ಬರುತ್ತಿದ್ದವು. ಜುಬೇದಾ ಅವುಗಳನ್ನು ಎಣಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಭಾಯಿ, ಒಂದು ಕೇಳ್ತೀನಿ. ಎಂಟು ತಿಂಗಳಾತು ಅಂತೀರಿ. ಇದು ಒಮ್ಮೆನೂ ಬಂದ್ ಬಿದ್ದಿಲ್ಲ?"

"ಇಲ್ಲ."

"ವೈರಸ್ ಗಿರಸ್ ಏನೂ ಬಂದಿಲ್ಲ?"

"ಬರಾಕ ಭಾಳ ಕಷ್ಟ. ಯಾರೂ ಏನೂ ಬದಲಾಯಿಸಾಕ ಬರೂದಿಲ್ಲಲ್ಲ."

"ನಮ್ಮನ್ಯಾಗಿಂದು ದಿನಾ ಎರಡು ಸಲ ಬಂದ್ ಬೀಳ್ತದ. ನಮ್ಮ ಮಗಳು ತಹಮೀನಾ ಅಭ್ಯಾಸ ಬಿಟ್ಟು ಅದರ ಸೇವಾ ಮಾಡ್ಕೋತ ಕೂಡ್ತಾಳ. ನಮಗೂ ಇದನ್ನೇ ಹಾಕಿಕೊಡ್ರಿ."

ಶಶಿಕಾಂತನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಹೆಂಡತಿಯ ಕಡೆ ನೋಡಿದ. ನೇತ್ರಾ ಇಪ್ಪತ್ತೆರಡನೆಯ ಹಾಳೆಯನ್ನು ಕಟ್ಟಿಗೆ ಸೇರಿಸುತ್ತ, "ಹಂಗ ನೋಡಿದ್ರ ನನಗೂ ಇಷ್ಟು ದಿನಾ ಒಂದಿನ ತ್ರಾಸ ಕೊಟ್ಟಿಲ್ಲ ಬಿಡ್ರಿ," ಎಂದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದು ಛಲೋ ಮಾಡೀರಿ. ಒರಸೂದು ಬ್ಯಾಡ," ಎಂದಳು. ಎಂಟು ತಿಂಗಳಿನಿಂದ ಕಾಯುತ್ತಿದ್ದ ಹೊಗಳಿಕೆ ಕೊನೆಗೂ ಬಂದಿತ್ತು. ಮೂರು ದಿನದಲ್ಲಿ ಅವಸರವಸರವಾಗಿ ಮಾಡಿದ್ದಕ್ಕೆ ಬಂದಿತ್ತು ಎನ್ನುವುದು ಬೇರೆ ಮಾತು. ಆದರೂ ಅವನ ಕಣ್ಣು ತೇವವಾದವು.

ಅವತ್ತು ಅವನೂ ಪಾರ್ಲೆಗೆ ಹೋದ. ಅಂಬಾರಿಯ ಪಾಠ ಮುಗಿದ ಮೇಲೆ ಜುಬೇದಾ ಎದ್ದು ನಿಂತು ಅಚಲದ ಗುಣಗಾನ ಮಾಡಿದಳು. ಮನೆಯ ಮೂಲೆಯಲ್ಲಿ ಹಳೆ ಕಂಪ್ಯೂಟರಿಟ್ಟುಕೊಂಡು ಶಪಿಸುತ್ತಿದ್ದ ಆರು ಜನ ಕೈ ಎತ್ತಿದರು. ಜುಬೇದಾ ಸೇರಿ ಏಳು ಮನೆ! ಮುಂದಿನ ಎರಡು ವಾರ ಶಶಿಕಾಂತ ಆಫೀಸು ಮುಗಿಸಿ ಮುಲುಂಡ್, ಪಾರ್ಲೆ, ಅಂಧೇರಿ ಎಂದು ಪೆನ್‌ಡ್ರೈವ್ ಹಿಡಿದು ಮದುಮಗನ ಹಾಗೆ ಓಡಾಡಿದ. ಎಲ್ಲರ ಮನೆಯಲ್ಲೂ ಚಹ ಕುಡಿದ. ಎಲ್ಲರ ಯಂತ್ರದಲ್ಲೂ ಮೊದಲನೆಯ ಆವೃತ್ತಿ ಹಾಕಿದ.

(ಆದರೆ ಮನುಷ್ಯನಿಗೆ ಆಸೆ ಎನ್ನುವುದು ಇರುತ್ತದಲ್ಲ? ತನ್ನ ಸುಧಾರಣೆಗಳನ್ನೆಲ್ಲ ಒಳಗೊಂಡ ಹತ್ತೊಂಬತ್ತನೆಯದನ್ನು ಹೇಗೋ ಕಟ್ಟಿ ಮುಗಿಸಿ, ಈ ಸಲ ಪ್ರಿಂಟಿನ ವ್ಯವಸ್ಥೆಯನ್ನೂ ಸೇರಿಸಿ, ಅದನ್ನು ಎಲ್ಲರ ಯಂತ್ರದಲ್ಲೂ ಮೇಲಿನ ಸಾಲಿಗೆ ಕೂರಿಸಿಯೇ ಬಂದಿದ್ದ. ನೋಡಿದರೆ ತಾನೇ ಅವರಿಗೆ ರುಚಿ ಹತ್ತುವುದು!)

ಮೂರನೆಯ ಭಾನುವಾರ ಜುಬೇದಾಳ ಫೋನು ಬಂತು. "ಭಾಯಿ, ಒಂದು ತಕ್ರಾರ್ ಅದ."

ಶಶಿಕಾಂತನ ಮೈ ಜುಮ್ಮೆಂದಿತು. ಹೊರಗಿನವರಿಂದ ಬಂದ ಮೊಟ್ಟಮೊದಲ ದೂರು! ಬಳಸುವವರಿಲ್ಲದ ವ್ಯವಸ್ಥೆಗೆ ದೂರು ಎಲ್ಲಿಂದ ಬರಬೇಕು? ಅವನು ಪೆನ್ನು, ಕಾಗದ ತೆಗೆದುಕೊಂಡು ಸರಿಯಾಗಿ ಕೂತ. "ಹೇಳ್ರಿ, ಹೇಳ್ರಿ. ಸಂಕೋಚ ಮಾಡಬ್ಯಾಡ್ರಿ."

"ಎಲ್ಲಾ ಛಲೋ ಅದ. ತಹಮೀನಾ ಭಾಳ ಖುಷಿ ಆಗ್ಯಾಳ. ನಾವು ಏಳೂ ಮಂದಿ ಕೂಡಿ ಹೇಳಾಕತ್ತೀವಿ ಅಂತ ತಿಳೀರಿ. ಚಾಲೂ ಮಾಡಿದ ಕೂಡ್ಲೇ ಎರಡು ಸಾಲ ಬರ್ತಾವಲ್ಲ, ಪ್ರತಿ ಸಲ ಕೆಳಗಿಂದು ಒತ್ತಬೇಕಾಗ್ತದ. ಮರ್ತರ ಆ ಇನ್ನೊಂದು ಬಂದ್ಬಿಡ್ತದ, ಅಕ್ಷರಾನೇ ಕಾಣೂದಿಲ್ಲ. ಆ ಮ್ಯಾಲಿಂದು ಯಾರಿಗೂ ಬ್ಯಾಡ ಭಾಯಿ. ಅಷ್ಟು ತಗದುಬಿಡ್ರಿ."

ಶಶಿಕಾಂತ ಕಾಗದದ ಮೇಲೆ 'ಮೇಲಿನದು ತೆಗೆಯುವುದು' ಎಂದು ಬರೆದುಕೊಂಡ. ಬರೆದದ್ದನ್ನು ಹೊಡೆದುಹಾಕಲು ಪೆನ್ನೆತ್ತಿದ. ಆಮೇಲೆ ಆ ಏಳು ಮನೆಗಳಲ್ಲಿ ಏಳು ಜನ ಬೆಳಿಗ್ಗೆದ್ದು ಅಚಲವನ್ನು ಚಾಲೂ ಮಾಡುವುದು ಕಣ್ಣಿಗೆ ಕಟ್ಟಿತು. ದೂರು ಬಂದದ್ದು ನಿಜವಾದ ಜನರಿಂದ, ನಿಜವಾಗಿ ಬಳಸುವವರಿಂದ. ಅವನು ಲ್ಯಾಪ್‌ಟಾಪು ತೆರೆದು ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತನೆಯ ಆವೃತ್ತಿಯನ್ನು ಕಟ್ಟಿ ಮುಗಿಸಿದ. ಅಕ್ಷರ ದಪ್ಪ, ಪ್ರಿಂಟು ಉಂಟು, ಗಡಿಯಾರ ಉಂಟು. ಎಂಟು ತಿಂಗಳ ಸುಧಾರಣೆಗಳಲ್ಲಿ ಒಂದನ್ನೂ ಉಳಿಸದೆ ಮೊದಲನೆಯದನ್ನೇ ಎಳೆ ಎಣಿಸಿ ಹಾಗೆಹಾಗೆಯೇ ತಂದಿದ್ದ. ಇದು ಹೋಗಿ ಮೇಲಿನ ಸಾಲಿನಲ್ಲಿ ಕೂತರೆ, ಯಾರು ಯಾವುದನ್ನು ಒತ್ತಿದರೂ ಒಂದೇ. 'ಕಳಿಸು' ಎಂಬ ಗುಂಡಿಯ ಮೇಲೆ ಬೆರಳಿಟ್ಟು ಅಡುಗೆಮನೆಯ ಕಡೆ ನೋಡಿದ. ಈ ಸಲ ಕೇಳಿಯೇ ಕಳಿಸುವುದೆಂದು ನಿರ್ಧರಿಸಿದ್ದ.

"ನೇತ್ರಾ, ಹೊಸಾ ಆವೃತ್ತಿ ಕಳಸಾಕತ್ತೀನಿ. ಏಳೂ ಮನಿಗೆ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಡೊಂಬಿವಲಿಯಿಂದ ವಾಪಸಾಗಿದ್ದ ಕಾಶವ್ವನೂ ಸೊಪ್ಪು ಸೋಸುವುದನ್ನು ಬಿಟ್ಟು ಕತ್ತೆತ್ತಿದಳು.

"ಏನು ಹೊಸಾದು ಐತಿ ಅದರಾಗ?" ಎಂದಳು ನೇತ್ರಾ.

"ಏನೂ ಇಲ್ಲ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

"ಹಂಗಾದ್ರ ಕಳಸ್ರಿ," ಎಂದಳು ನೇತ್ರಾ.